ನೀರು ಯಾವ ಕಡೆ

ಹಾಸ್ಟೆಲ್
ಜನವರಿ 14

ಅಣ್ಣಾ,

ಬಂದು ಸೇರಿದೆ. ಹಾಸಿಗೆ ಗಟ್ಟಿ, ಕಿಟಕಿ ದೊಡ್ಡದು. ಕೋಣೆಯಲ್ಲಿ ಜೊತೆಗಿರುವ ಹುಡುಗಿ ಎಷ್ಟು ಉದ್ದ ಎಂದರೆ, ಮಲಗಿದಾಗ ಅವಳ ಪಾದಗಳು ಮಂಚದಾಚೆ ಇಣುಕುತ್ತವೆ. ನಾನು ಅವಳಿಗೆ ಉದ್ದಕ್ಕ ಎಂದು ಹೆಸರಿಟ್ಟೆ. ಅವಳು ನನಗಿನ್ನೂ ಏನೂ ಹೆಸರಿಟ್ಟಿಲ್ಲ, ಪಾಪ, ನಾಚಿಕೆ. ಎಲ್ಲರ ಮೊಬೈಲುಗಳೂ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿವೆ. ಭಾನುವಾರ ಅಮ್ಮನ ಜೊತೆ ಸ್ವಲ್ಪ ಮಾತಾಡಬಹುದು. ನಿನ್ನ ಹಡಗಿಗಂತೂ ಯಾವ ವಾರವೂ ಫೋನು ತಾಗುವುದಿಲ್ಲ. ಅದಕ್ಕೇ ಕಾಗದ.

ನಮಗೆ ಡೈವಿಂಗ್ ಕಲಿಸುವ ಕೊಳಕ್ಕೆ ಗಾಜಿನ ಚಾವಣಿ ಇದೆ. ಬೆಳಿಗ್ಗೆ ನೀರಿನ ಮೇಲೆ ಹಬೆ ನಿಂತಿರುತ್ತದೆ. ಹಲಗೆಯ ಮೇಲೆ ನಿಂತು ಕೆಳಗೆ ನೋಡಿದರೆ ನೀರು ಕಾಣುವುದಿಲ್ಲ, ಮೋಡ ಕಾಣುತ್ತದೆ. ಅದರಡಿ ನೀರು ಇದ್ದೇ ಇರುತ್ತದೆ ಎಂದು ನಂಬಿ ನಾವು ಒಬ್ಬೊಬ್ಬರಾಗಿ ಮೋಡದೊಳಗೆ ಧುಮುಕುತ್ತೇವೆ. ನಿನಗೆ ತೋರಿಸಬೇಕಿತ್ತು.

ಕೋಚ್ ಮೇಡಂ ಕಡಿಮೆ ಮಾತಿನವರು. ನನ್ನ ಮೊದಲ ಡೈವ್ ನೋಡಿ, "ಈ ಹುಡುಗಿಗೆ ಗಾಳಿ ಗೊತ್ತು," ಅಂದರು. ಅಷ್ಟಕ್ಕೇ ಉಳಿದವರೆಲ್ಲ ನನ್ನ ಕಡೆ ತಿರುಗಿದರು. ಆಗಸ್ಟಿನಲ್ಲಿ ಕಿರಿಯರ ತಂಡಕ್ಕೆ ಆಯ್ಕೆ ನಡೆಯುತ್ತದೆ. ನನ್ನ ಹೆಸರು ಆಗಲೇ ಅವರ ಬಾಯಲ್ಲಿದೆ.

ಒಂದು ವಿಚಿತ್ರ ಹೇಳಲೇ? ಇತ್ತೀಚೆಗೆ ಗಾಳಿಯಲ್ಲಿ ತಿರುಗುವಾಗ ಒಂದು ಗಳಿಗೆ ಎಲ್ಲ ಸದ್ದೂ ನಿಂತುಹೋಗುತ್ತದೆ. ನಿದ್ದೆಯ ಅಂಚಿನಿಂದ ಜಾರಿದ ಹಾಗೆ. ಆಮೇಲೆ ನೀರು ಬಂದು ಎಬ್ಬಿಸುತ್ತದೆ. ಮೊದಲೆಲ್ಲ ಹೀಗಾಗುತ್ತಿರಲಿಲ್ಲ.

ನಿನ್ನ ಕಪ್ಪೆಮರಿ

*

ಹಡಗಿನಿಂದ
ಫೆಬ್ರವರಿ 20

ಕಪ್ಪೆಮರೀ,

ನಿನ್ನ ಕಾಗದ ಸಾಮಾನಿನ ದೋಣಿಯಲ್ಲಿ ಈರುಳ್ಳಿ ಮೂಟೆಯ ಜೊತೆ ಬಂತು. ಇನ್ನೂ ವಾಸನೆ ಹೋಗಿಲ್ಲ. ಓದುವಾಗ ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಯಿಂದಲೇ ಎಂದು ತಿಳಿದುಕೋ.

ನಮ್ಮದು ನಡೆಯುವವನಿಗಿಂತ ನಿಧಾನವಾದ ಹಡಗು. ಹೊಟ್ಟೆಯ ತುಂಬ ಸುರುಳಿ ಸುತ್ತಿದ ಕೇಬಲ್ಲು. ಅದನ್ನು ಹಿಂದಿನಿಂದ ಒಂದೇ ಸಮ ಸಮುದ್ರದ ತಳಕ್ಕೆ ಬಿಡುತ್ತಾ ಹೋಗುತ್ತೇವೆ. ತುದಿಗಳು ಸೇರುವ ಕಡೆ ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನು ಜೋಡಿಸುವುದು ನನ್ನ ಪಾಲಿನ ಕೆಲಸ. ಉಸಿರು ಬಿಗಿಹಿಡಿದು ಕೂರಬೇಕು. ನಾಳೆ ಲೋಕದವರ ಹರಟೆಯೆಲ್ಲ ನನ್ನ ಕೈ ದಾಟಿದ ಎಳೆಯಲ್ಲಿ ಓಡುತ್ತದೆ, ನನಗೆ ಮಾತ್ರ ಈರುಳ್ಳಿ ಮೂಟೆಯೇ ಗತಿ!

ನಿನ್ನ ಫೋಟೋ ಊಟದ ಕೋಣೆಯ ಗೋಡೆಗೆ ಏರಿದೆ. ಗಾಳಿಯಲ್ಲಿ ತಲೆಕೆಳಗಾಗಿರುತ್ತೀಯಲ್ಲ, ಅದು. ನಾನು ಅಂಟಿಸಿದ್ದಲ್ಲ, ಅಡುಗೆ ಮಾಮ ಅಂಟಿಸಿದ್ದು. ಕ್ಯಾಪ್ಟನ್ ಕೂಡ ತಟ್ಟೆ ಹಿಡಿದುಕೊಂಡು, "ನಮ್ಮ ಹುಡುಗಿಯ ಆಯ್ಕೆ ಯಾವಾಗ?" ಎಂದು ಕೇಳುತ್ತಾರೆ. ಗೊತ್ತಾಯಿತಾ, ನೀನು ಈಗ ಇಡೀ ಹಡಗಿನ ಹುಡುಗಿ.

ನಿದ್ದೆಗೆ ಜಾರಿದ ಹಾಗೆ ಎಂದು ಬರೆದೆಯಲ್ಲ, ಅದನ್ನು ಎಲ್ಲರಿಗೂ ಓದಿ ಹೇಳಿದೆ. ಪ್ರತಿಭೆ ಎಂದರೆ ಅದೇ ಕಣೇ! ಮೈಮರೆತು ಮಾಡುವುದು. ಎಲ್ಲರಿಗೂ ಸಿಗುವುದಿಲ್ಲ ಅದು.

ಆಗಸ್ಟಿಗೆ ನಾನು ಬಂದೇ ಬರುತ್ತೇನೆ. ಮೊದಲ ಸಾಲಿನಲ್ಲಿ ಕೂತು ಶಿಳ್ಳೆ ಹಾಕುತ್ತೇನೆ.

ಅಣ್ಣ

*

ಹಾಸ್ಟೆಲ್
ಮಾರ್ಚ್ 9

ಅಣ್ಣಾ,

ನಿನ್ನಿಂದ ಇನ್ನೂ ಕಾಗದವಿಲ್ಲ. ಎಲ್ಲೋ ದಾರಿಯಲ್ಲಿರಬೇಕು.

ಉದ್ದಕ್ಕನಿಗೆ ನಾಚಿಕೆ ಬಿಟ್ಟಿದೆ. ಈಗ ಮಾತು ನಿಲ್ಲಿಸುವುದೇ ಕಷ್ಟ. ಅವಳಿಗೆ ಹಲ್ಲುಜ್ಜುವಾಗಲೂ ಹಾಡಬೇಕು. ನಮ್ಮ ಕಿಟಕಿಯಾಚೆ ಒಂದು ಸೈಕಲ್ ರಿಪೇರಿ ಅಂಗಡಿ ಇದೆ. ಅಂಗಡಿಯವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಬರುವುದನ್ನು ಕಾಯುತ್ತಾರೆ. ನಾನೂ ಮೇಲಿನಿಂದ ಅವರ ಜೊತೆ ಕಾಯುತ್ತೇನೆ. ಮಧ್ಯಾಹ್ನಗಳು ಹಾಗೇ ಕಳೆಯುತ್ತವೆ.

ಹೊಸ ಡೈವ್ ಶುರುವಾಗಿದೆ. ಹಿಂದಕ್ಕೆ ಪಲ್ಟಿ ಹೊಡೆಯುತ್ತಲೇ ಮೈ ತಿರುಚಿಕೊಳ್ಳಬೇಕು. ಮೊನ್ನೆ ಬೆನ್ನು ಅಡಿಯಾಗಿ ಬಿದ್ದೆ. ಸ್ವಲ್ಪ ಕೆಂಪಾಯಿತು, ಅಷ್ಟೆ. ಎಲ್ಲರೂ ಬೀಳುತ್ತಾರೆ.

ಹಡಗಿನಲ್ಲಿ ಮೀನು ಹಾರುವುದು ಕಾಣುತ್ತದೆಯೇ? ಹಾರುವಾಗ ಅವಕ್ಕೆ ಹೆದರಿಕೆಯಾಗುತ್ತದೋ ಏನೋ. ಸುಮ್ಮನೆ ಕೇಳಿದೆ.

ಕಪ್ಪೆಮರಿ

*

ಹಾಸ್ಟೆಲ್
ಏಪ್ರಿಲ್ 2

ಅಣ್ಣಾ,

ಈರುಳ್ಳಿ ಮೂಟೆಯ ಜೊತೆ ಬಂದ ನನ್ನ ಕಾಗದಕ್ಕೆ ನೀನು ಬರೆದ ಉತ್ತರ ಸಿಕ್ಕಿತು. ನೀನು ಹೇಳಿದ್ದು ಸರಿ. ಮೈಮರೆಯುವುದು. ಹೌದು, ಅದೇ ಇರಬೇಕು.

ಫೋಟೋ ಗೋಡೆಯ ಮೇಲಿದೆ ಎಂದು ಓದಿ ಖುಷಿಯಾಯಿತು. ಎಲ್ಲರಿಗೂ ನನ್ನ ನಮಸ್ಕಾರ ಹೇಳು. ಕ್ಯಾಪ್ಟನ್ ಅವರಿಗೆ ಆಯ್ಕೆ ಆಗಸ್ಟ್ ಮಧ್ಯದಲ್ಲಿ ಎಂದು ಹೇಳು.

ಇತ್ತೀಚೆಗೆ ಒಂದು ಕನಸು ಬೀಳುತ್ತದೆ. ಏಣಿ ಹತ್ತುತ್ತಿರುತ್ತೇನೆ. ಕೆಳಗೆ ಹಬೆ, ಮೇಲೂ ಹಬೆ. ಏಣಿ ಮುಗಿಯುವುದೇ ಇಲ್ಲ. ನನಗೆ ಅದು ಮುಗಿಯುವುದು ಬೇಕಾಗಿಯೂ ಇರುವುದಿಲ್ಲ. ಹತ್ತುತ್ತಾ ಇರುವಷ್ಟು ಹೊತ್ತು ಏನೂ ಆಗುವುದಿಲ್ಲವಲ್ಲ. ಎದ್ದಾಗ ಮಾತ್ರ ಕಾಲು ನೋಯುತ್ತಿರುತ್ತದೆ.

ಅಮ್ಮ ಭಾನುವಾರ ಕೇಳಿದಳು, "ಊಟ ಸೇರ್ತಿದ್ಯಾ?" "ಸೇರ್ತಿದೆ," ಅಂದೆ. "ದನಿ ಯಾಕೆ ಹಂಗಿದೆ?" "ಶೀತ," ಅಂದೆ. ನಿಜವಾಗಿಯೂ ಸ್ವಲ್ಪ ಶೀತ ಇತ್ತು.

ನೀನು ಬರುತ್ತೀಯಲ್ಲ, ಅಷ್ಟು ಸಾಕು.

ಕಪ್ಪೆಮರಿ

*

ಹಡಗಿನಿಂದ
ಏಪ್ರಿಲ್ 28

ಕಪ್ಪೆಮರೀ,

ನಿನ್ನ ಮಾರ್ಚ್ ತಿಂಗಳ ಕಾಗದ ಈಗ ಸಿಕ್ಕಿತು. ಬೆನ್ನು ಹೇಗಿದೆ? ಸೈಕಲ್ ಅಂಗಡಿಯವರ ಗುಳ್ಳೆ ಎಣಿಸುತ್ತಾ ಕೂತರೆ ತಂಡಕ್ಕೆ ನಿನ್ನ ಬದಲು ಅವರೇ ಆಯ್ಕೆಯಾದಾರು, ಜೋಕೆ!

ಹಾರುವ ಮೀನು ದಿನಾ ಕಾಣುತ್ತವೆ. ಹೆದರಿಕೆಯಾ? ಬೆಳ್ಳಿ ಚಮಚ ಎಸೆದ ಹಾಗೆ ಮಿಂಚಿ ಹೋಗುತ್ತವೆ, ಯೋಚನೆ ಮಾಡಲು ಪುರುಸೊತ್ತೆಲ್ಲಿ? ನೀನೂ ಹಾಗೇ ಇರು. ಹಲಗೆಯ ಮೇಲೆ ನಿಂತಾಗ ಅಳುಕಿದರೆ ಕಣ್ಣು ಮುಚ್ಚಿ, ನಮ್ಮೆಲ್ಲರನ್ನೂ ನೆನಪಿಸಿಕೊಂಡು ಹಾರಿಬಿಡು. ಹಿಂದಿನ ಪುಟ ತಿರುಗಿಸಿ ನೋಡು, ಹಡಗಿನವರೆಲ್ಲ ರುಜು ಹಾಕಿದ್ದಾರೆ. ಅಡುಗೆ ಮಾಮ "ಗೆದ್ದು ಬಾ ಮಗಳೇ" ಎಂದು ಬರೆದಿದ್ದಾರೆ. ಎಣ್ಣೆಯ ಕಲೆ ಅವರದೇ.

ಇಲ್ಲಿ ಕೆಲಸ ನಿರೀಕ್ಷೆಗಿಂತ ಸ್ವಲ್ಪ ಉದ್ದವಾಗುತ್ತಿದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಸಮುದ್ರ ಇವತ್ತು ಎಷ್ಟು ನಿಶ್ಚಲವಾಗಿದೆ ಎಂದರೆ ಹಡಗು ಆಕಾಶದಲ್ಲಿ ನಿಂತ ಹಾಗಿದೆ. ಮೇಲೆ ಯಾವುದು, ಕೆಳಗೆ ಯಾವುದು ಹೇಳಲಾಗದು. ನೀನಿದ್ದಿದ್ದರೆ ಖುಷಿಪಡುತ್ತಿದ್ದೆ.

ಅಣ್ಣ

*

ಹಾಸ್ಟೆಲ್
ಮೇ 30

ಅಣ್ಣಾ,

ಗಾಬರಿಯಾಗಬೇಡ. ಎಡಗೈಯ ಬೆರಳೊಂದು ಮುರಿದಿದೆ. ಬಟ್ಟೆ ಬದಲಿಸುವ ಕೋಣೆಯ ಕಬ್ಬಿಣದ ಬಾಗಿಲಿಗೆ ಸಿಕ್ಕಿಕೊಂಡಿತು. ಡಾಕ್ಟರು ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿದ್ದಾರೆ. ಒಂದು ತಿಂಗಳು ನೀರಿಗಿಳಿಯುವ ಹಾಗಿಲ್ಲ. ಆಯ್ಕೆಯ ಹೊತ್ತಿಗೆ ವಾಸಿಯಾಗುತ್ತದಂತೆ.

ಈಗ ಬೆಂಚಿನ ಮೇಲೆ ಕೂತು ಉಳಿದವರನ್ನು ನೋಡುತ್ತೇನೆ. ಅಣ್ಣಾ, ಎಷ್ಟು ಚೆನ್ನಾಗಿದೆ ಗೊತ್ತಾ! ನಾನು ಇದನ್ನು ಕಂಡೇ ಇರಲಿಲ್ಲ. ಒಬ್ಬೊಬ್ಬರೂ ಹಲಗೆ ಬಿಟ್ಟು ಮೇಲೇಳುತ್ತಾರೆ, ಗಾಜಿನಿಂದ ಇಳಿದ ಬಿಸಿಲಿನಲ್ಲಿ ಒಂದು ಚಣ ನಿಂತೇ ಇರುತ್ತಾರೆ, ಆಮೇಲೆ ಸೂಜಿ ಬಟ್ಟೆಯೊಳಗೆ ಹೋದ ಹಾಗೆ ನೀರೊಳಗೆ. ಉದ್ದಕ್ಕ ಬಿದ್ದರೆ ಮಾತ್ರ ನಮಗೆಲ್ಲ ಸ್ನಾನ. ಬಿಸಿಲು ನೆಲದ ಮೇಲೆ ನೀರಿನ ನೆರಳನ್ನು ಅಲ್ಲಾಡಿಸುತ್ತಿರುತ್ತದೆ. ನನ್ನ ಕಾಲ ಮೇಲೂ ಅದು ಆಡುತ್ತದೆ.

ರಾತ್ರಿ ನಿದ್ದೆ ಬರುತ್ತಿದೆ. ಏಣಿಯ ಕನಸಿಲ್ಲ. ಊಟಕ್ಕೆ ಎರಡನೇ ಸಲ ಬಡಿಸಿಕೊಳ್ಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಬೆರಳು ನೋಡಿಕೊಳ್ಳುತ್ತೇನೆ, ಇನ್ನೂ ಊದಿದೆಯಾ ಎಂದು. ಊದಿದ್ದರೆ ಸಮಾಧಾನ.

ಕಪ್ಪೆಮರಿ

*

ಹಡಗಿನಿಂದ
ಜೂನ್ 21

ಕಪ್ಪೆಮರೀ,

ನಿನ್ನ ಬೆರಳಿನ ಸುದ್ದಿಯನ್ನು ಊಟದ ಹೊತ್ತಿಗೆ ಎಲ್ಲರಿಗೂ ಓದಿದೆ. ಅಯ್ಯೋ ಎಂದರು. ಆಯ್ಕೆಗೆ ವಾಸಿಯಾಗುತ್ತದೆ ಎಂದಾಗ ಚಪ್ಪಾಳೆ ತಟ್ಟಿದರು. ಉಳಿದದ್ದನ್ನು ಓದದೆ ಮಡಚಿಟ್ಟೆ.

ಸಂಜೆ ಡೆಕ್ಕಿನಲ್ಲಿ ಕೂತು ಪೂರ್ತಿ ಓದಿದೆ. ಜನವರಿಯಿಂದ ನೀನು ಬರೆದದ್ದನ್ನೆಲ್ಲ ತೆಗೆದು ಒಂದರ ಹಿಂದೆ ಒಂದು ಓದಿದೆ. ನೀನು ನಿದ್ದೆಗೆ ಜಾರಿದ ಹಾಗಾಗುತ್ತದೆ ಎಂದೆ. ನಾನು ಪ್ರತಿಭೆ ಎಂದೆ. ನೀನು ಮೀನಿಗೆ ಹೆದರಿಕೆಯಾಗುತ್ತದೆಯೇ ಎಂದೆ. ನಾನು ಚಮಚದ ಉಪಮೆ ಕೊಟ್ಟೆ. ಎಂಥ ದಡ್ಡ ನಾನು! ಊದಿದ್ದರೆ ಸಮಾಧಾನ ಎಂದು ಯಾರಾದರೂ ಬರೆಯುತ್ತಾರೇನೇ?

ನೇರವಾಗಿ ಕೇಳುತ್ತೇನೆ. ಬೆರಳು ಬಾಗಿಲಿಗೆ ಸಿಕ್ಕಿತೋ, ನೀನೇ ಇಟ್ಟೆಯೋ? ಏನೇ ಇದ್ದರೂ ನನಗೆ ಕೋಪವಿಲ್ಲ. ಗದರುವುದಿಲ್ಲ. ನಿಜ ಮಾತ್ರ ಬೇಕು.

ಕ್ಯಾಪ್ಟನ್ನರನ್ನು ಬೇಡಿಕೊಂಡು ಹಡಗಿನ ಫೋನಿನಿಂದ ನಿಮ್ಮ ಹಾಸ್ಟೆಲಿಗೆ ಮಾತಾಡಿದೆ. ಮಾತೆಲ್ಲಿ, ಗೊರಗೊರ ಸದ್ದು. ವಾರ್ಡನ್, "ಚೆನ್ನಾಗಿದಾಳೆ, ಬೆರಳು ವಾಸಿ ಆಗ್ತಿದೆ," ಅಂದರು. ನಾನು, "ಬೆರಳಲ್ಲ, ಅವಳು ಹೇಗಿದಾಳೆ?" ಅಂದೆ. "ಅದೇ ಹೇಳ್ದೆನಲ್ಲ, ವಾಸಿ ಆಗ್ತಿದೆ," ಅಂದರು. ಲೈನು ಹೋಯಿತು.

ಅಣ್ಣ

*

ಹಾಸ್ಟೆಲ್
ಜುಲೈ 12

ಅಣ್ಣಾ,

ಈ ಕಾಗದವನ್ನು ಬರೆದು ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಉದ್ದಕ್ಕನ ಕೈಗೆ ಕೊಟ್ಟು ಅಂಚೆಗೆ ಹಾಕಿಸುತ್ತೇನೆ.

ನಾನೇ ಇಟ್ಟೆ.

ಆ ದಿನ ಬೆಳಿಗ್ಗೆ ಹೊಸ ಡೈವ್ ಎಲ್ಲರೆದುರು ಮಾಡಿ ತೋರಿಸಬೇಕಿತ್ತು. ಬಟ್ಟೆ ಬದಲಿಸಿ ಹೊರಟೆ. ಕಾಲು ಬರಲಿಲ್ಲ. ಬಾಗಿಲು ತೆರೆದಿತ್ತು. ಕೈ ಅದರ ಸಂದಿಯಲ್ಲಿಟ್ಟು, ಇನ್ನೊಂದು ಕೈಯಿಂದ ಎಳೆದುಕೊಂಡೆ. ನೋವಾದಾಗ ಅತ್ತೆ. ಆದರೆ ಅದು ನೋವಿಗೆ ಬಂದ ಅಳುವಲ್ಲ. ಇವತ್ತು ಹಾರಬೇಕಾಗಿಲ್ಲವಲ್ಲ ಎಂದು.

ಏನಾಗುತ್ತದೆ ಎಂದರೆ, ಹಲಗೆ ಬಿಟ್ಟ ಮೇಲೆ ನಾನು ಕಳೆದುಹೋಗುತ್ತೇನೆ. ಮೊದಲೆಲ್ಲ ಮೈಗೆ ತಾನಾಗಿಯೇ ಗೊತ್ತಿರುತ್ತಿತ್ತು, ಚಾವಣಿ ಎಲ್ಲಿ, ನೀರು ಎಲ್ಲಿ. ಈಗ ಗಾಳಿಯಲ್ಲಿ ಎಲ್ಲವೂ ಒಂದೇ ಬೆಳ್ಳಗೆ. ನೀರು ಯಾವ ಕಡೆಯಿಂದ ಬಂದು ಹೊಡೆಯುತ್ತದೋ ತಿಳಿಯುವುದಿಲ್ಲ. ಬೆನ್ನಿಗೆ ಹೊಡೆದಿದೆ, ಮುಖಕ್ಕೆ ಹೊಡೆದಿದೆ. ಯಾರಿಗೂ ಹೇಳಿಲ್ಲ. ಗಾಳಿ ಗೊತ್ತಿರುವ ಹುಡುಗಿ ನಾನು, ಹೇಗೆ ಹೇಳಲಿ?

ಕಟ್ಟು ಬಿಚ್ಚಿದ್ದಾರೆ. ನಿನ್ನೆ ಮತ್ತೆ ಮೇಲೆ ಹತ್ತಿದೆ. ತುದಿಯಲ್ಲಿ ನಿಂತೆ. ಮೇಡಂ ಕೆಳಗಿನಿಂದ, "ಯಾವಾಗ ಬೇಕಾದ್ರೂ," ಅಂದರು. ನಿಂತೇ ಇದ್ದೆ. ಎಲ್ಲರೂ ಮುಗಿಸಿ ಒರೆಸಿಕೊಂಡು ಹೋದರು. ಇಳಿದು ಬಂದವಳೇ ಬಟ್ಟೆಯ ಕೋಣೆಯಲ್ಲಿ ಬಲಗೈಯನ್ನು ನೋಡಿಕೊಳ್ಳುತ್ತಾ ಕೂತೆ. ಏನು ಯೋಚಿಸುತ್ತಿದ್ದೆ ಎಂದು ಬರೆಯುವುದಿಲ್ಲ. ನಿನಗೆ ತಿಳಿಯುತ್ತದೆ.

ಅಮ್ಮನಿಗೆ ಹೇಳಬೇಡ. ಅಡುಗೆ ಮಾಮನಿಗೂ ಹೇಳಬೇಡ. ಫೋಟೋ ಇದ್ದಲ್ಲೇ ಇರಲಿ. ನಿನ್ನನ್ನು ಬೇಗ ಬಾ ಎಂದು ಕರೆಯುತ್ತಿಲ್ಲ. ಸುಮ್ಮನೆ, ಇನ್ನೆಷ್ಟು ದಿನ ಎಂದು ಕೇಳುತ್ತಿದ್ದೇನೆ.

ಕಪ್ಪೆಮರಿ

*

ಬಂದರಿನಿಂದ
ಆಗಸ್ಟ್ 4

ಕಪ್ಪೆಮರೀ,

ನೀನು ಬೇಡವೆಂದದ್ದನ್ನು ಮಾಡಿದ್ದೇನೆ. ಬಯ್ಯುವುದಿದ್ದರೆ ಬಯ್ಯಿ.

ಇಲ್ಲಿ ಇಳಿದ ಕೂಡಲೇ ನಿನ್ನ ಕಾಗದ ಸಿಕ್ಕಿತು. ಮೆಟ್ಟಿಲ ಮೇಲೆ ನಿಂತೇ ಓದಿದೆ. ಅಲ್ಲಿಂದ ನೇರ ಫೋನಿನ ಅಂಗಡಿಗೆ ಹೋಗಿ, ಅಮ್ಮ ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಗೆ ಫೋನು ಮಾಡಿದೆ. ಇಸ್ತ್ರಿ ಯಂತ್ರದ ಸದ್ದಿನಲ್ಲಿ ಅವಳಿಗೆ ಕೇಳಿಸುತ್ತಿರಲಿಲ್ಲ. "ಯಂತ್ರ ನಿಲ್ಸಮ್ಮಾ," ಎಂದು ಕಿರುಚಿದೆ. ನಿಂತಿತು. ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: "ಬಸ್ಸು ಎಷ್ಟೊತ್ತಿಗಿದೆ?"

ಈಗ ನನ್ನ ಮಾತು. ನಾನು ಆಗಸ್ಟಿಗೆ ಬರುವುದಿಲ್ಲ. ಏಪ್ರಿಲಿನಲ್ಲೇ ಇನ್ನೊಂದು ಕೇಬಲ್ ಮಾರ್ಗದ ಕೆಲಸಕ್ಕೆ ಒಪ್ಪಿ ಸಹಿ ಹಾಕಿದ್ದೆ. ನಿನ್ನ ಉತ್ಸಾಹ ಕುಂದೀತು ಎಂದು ಮುಚ್ಚಿಟ್ಟೆ. ಇಲ್ಲದ ಉತ್ಸಾಹವನ್ನು ನೀನು ನನಗಾಗಿ ತೋರಿಸುತ್ತಿದ್ದೆ, ಬರದ ನಾನು ಬರುತ್ತೇನೆ ಎನ್ನುತ್ತಿದ್ದೆ. ಚೆನ್ನಾಗಿದ್ದೇವೆ ಇಬ್ಬರೂ.

ಹಾರಬೇಡ. ಆಯ್ಕೆ ಹಾಳಾಗಿ ಹೋಗಲಿ. ಅಮ್ಮ ಬರುವವರೆಗೆ ಉದ್ದಕ್ಕನ ಪಕ್ಕ ಬಿಟ್ಟು ಕದಲಬೇಡ. ಈ ಕಾಗದ ಅಮ್ಮನಿಗಿಂತ ಹಿಂದೆ ಬರುತ್ತದೆಂದು ಗೊತ್ತು. ಆದರೂ ಬರೆಯದೆ ಇರಲಾರೆ.

ಅಣ್ಣ

*

ಹಾಸ್ಟೆಲ್
ಆಗಸ್ಟ್ 27

ಅಣ್ಣನಿಗೆ,

ನಿನ್ನ ಮೇಲೆ ಕೋಪವಿದೆ. ಮೊದಲು ಅದು ಗೊತ್ತಿರಲಿ.

ಅಮ್ಮ ಬಂದ ದಿನ ನಾನು ಬೆಂಚಿನ ಮೇಲಿದ್ದೆ. ಬಾಗಿಲಲ್ಲಿ ಯಾರೋ ಚೀಲ ಹಿಡಿದು, ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಿಂತಿದ್ದರು. ಹಬೆಯಲ್ಲಿ ಗುರುತು ಹತ್ತಲಿಲ್ಲ. ಹತ್ತಿರ ಬಂದಾಗ ಇಸ್ತ್ರಿಯ ವಾಸನೆ. ಅವಳು ಚೀಲ ಕೆಳಗಿಟ್ಟಳು. ನನ್ನ ಎಡಗೈ ತೆಗೆದುಕೊಂಡು, ಸೊಟ್ಟಗಾದ ಬೆರಳನ್ನು ಸವರುತ್ತಾ ಕೂತಳು. ನಾನು ಎಷ್ಟು ಹೊತ್ತು ಅತ್ತೆನೋ. ಕೊಳದಲ್ಲಿದ್ದವರು ಒಬ್ಬೊಬ್ಬರೇ ಸದ್ದಿಲ್ಲದೆ ಎದ್ದು ಹೋಗಿದ್ದರು. ಉದ್ದಕ್ಕ ಎಲ್ಲರನ್ನೂ ಅಟ್ಟಿದಳಂತೆ.

ಮೇಡಂ ಬಂದರು. ಅಮ್ಮ ಹೇಳಿದ್ದನ್ನು ಕೇಳಿ ಅವರ ಮುಖ ಸಣ್ಣದಾಯಿತು.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದು ನನ್ನನ್ನು ಕೇಳಿದರು.

"ನೀವು ಬೆರಳು ಹೇಗಿದೆ ಅಂತ ಮಾತ್ರ ಕೇಳ್ತಿದ್ರಿ," ಅಂದೆ.

ಅವರು ಬೆಂಚಿನ ಆ ಕೊನೆಯಲ್ಲಿ ಕೂತರು. "ಹೌದು. ಅಷ್ಟೇ ಕೇಳಿದ್ದು," ಅಂದರು. ಆಯ್ಕೆಯ ಪಟ್ಟಿಯಿಂದ ನನ್ನ ಹೆಸರು ತೆಗೆಯಲು ಅವರೇ ಹೋದರು. "ವಾಪಸ್ ಹಾಕೋದು ಕಷ್ಟ ಅಲ್ಲ. ಅದರ ಚಿಂತೆ ಬೇಡ," ಅಂದರು.

ಈಗ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತೇನೆ. ಗುಂಗುರು ಕೂದಲಿನ ಹೆಂಗಸು. ಕೋಣೆಯ ಕಿಟಕಿಯ ಹೊರಗೆ ಒಂದು ಮರ, ಪರದೆ ಹಸಿರು. ಒಳಗೆ ಕೂತರೆ ನೀರೊಳಗೆ ಕೂತ ಹಾಗೆಯೇ ಇರುತ್ತದೆ, ಆದರೆ ಉಸಿರಾಡಬಹುದು. ಗಾಳಿಯಲ್ಲಿ ಕಳೆದುಹೋಗುವುದು ನನಗೊಬ್ಬಳಿಗೇ ಆಗುವುದಲ್ಲವಂತೆ. ಡೈವ್ ಮಾಡುವವರಿಗೆ, ಜಿಮ್ನಾಸ್ಟರಿಗೆ ಆಗುತ್ತದಂತೆ. ಮನಸ್ಸು ಬಹಳ ದಿನ ಬಿಗಿಹಿಡಿದುಕೊಂಡೇ ಇದ್ದರೆ ಮೈಗೂ ಅದಕ್ಕೂ ಇರುವ ಮಾತು ತಪ್ಪಿಹೋಗುತ್ತದಂತೆ. "ಹೇಡಿತನ ಅಲ್ವಾ?" ಎಂದು ಕೇಳಿದೆ. ಅವರು ನಗಲಿಲ್ಲ. "ಕಾಲು ಉಳುಕಿದ್ರೆ ಹೇಡಿ ಅಂತೀಯಾ?" ಅಂದರು. ಬಾಗಿಲಿನ ಬಗ್ಗೆಯೂ ಮಾತಾಡಿದೆವು. ಕೈ ಆ ಕಡೆ ಹೋಗಬೇಕು ಅನ್ನಿಸಿದಾಗ ಯಾರನ್ನು ಕರೆಯಬೇಕು ಎಂದು ಗೊತ್ತುಮಾಡಿಕೊಂಡಿದ್ದೇವೆ. ಉದ್ದಕ್ಕ, ಮೇಡಂ, ಅಮ್ಮ. ಆಫೀಸಿನ ಬೀರುವಿನಿಂದ ನನ್ನ ಮೊಬೈಲು ಹೊರಬಂದಿದೆ.

ನೀನು ಅಮ್ಮನಿಗೆ ಹೇಳಿದ್ದಕ್ಕೆ ಕೋಪವಿಲ್ಲ. ಬರುತ್ತೇನೆ ಎಂದು ಆಸೆ ಹುಟ್ಟಿಸಿ ಕಾಯಿಸಿದ್ದಕ್ಕೆ.

ಕಪ್ಪೆಮರಿ

*

ಹಡಗಿನಿಂದ
ಸೆಪ್ಟೆಂಬರ್ 25

ಕಪ್ಪೆಮರೀ,

ಕೋಪ ನ್ಯಾಯವಾದದ್ದೇ. ಇಟ್ಟುಕೋ, ಬೇಕಾದಷ್ಟು ದಿನ.

ಊಟದ ಕೋಣೆಯಲ್ಲಿ ಹೇಳಿದೆ, ನನ್ನ ತಂಗಿ ಈ ವರ್ಷ ಆಯ್ಕೆಗೆ ಹೋಗಲಿಲ್ಲ, ಅವಳಿಗೆ ಹುಷಾರಿಲ್ಲ ಎಂದು. ಬೆರಳಿನ ವಿಷಯ ಎತ್ತಲಿಲ್ಲ, ಅದು ನಿನ್ನದು. ಯಾರಾದರೂ "ಛೆ" ಎನ್ನುತ್ತಾರೆಂದು ಕಾದೆ. ಅಡುಗೆ ಮಾಮ ಸೌಟು ಕೆಳಗಿಟ್ಟು ಕೇಳಿದರು, "ನಿದ್ದೆ ಬರ್ತಿದ್ಯಂತಾ ಮಗೂಗೆ?" ಬರುತ್ತಿದೆ ಎಂದೆ. "ಸದ್ಯ," ಎಂದು ಬಡಿಸಲು ಶುರುಮಾಡಿದರು. ಅಷ್ಟೇ ಆದದ್ದು. ಅದಕ್ಕಾಗಿ ನೀನು ಎಷ್ಟು ತಿಂಗಳು ಹೆದರಿದ್ದೆ!

ನಾನೂ ಒಂದು ಕೆಲಸ ಮಾಡಿದೆ. ಕ್ಯಾಪ್ಟನ್ ಹತ್ತಿರ ಹೋಗಿ, ಈ ಮಾರ್ಗ ಮುಗಿದ ಮೇಲೆ ಮುಂದಿನದು ನನಗೆ ಬೇಡ ಎಂದೆ. ಡಿಸೆಂಬರ್ ಕೊನೆಗೆ ಇಳಿಯುತ್ತೇನೆ. ದಿನ ಗೊತ್ತಾದ ಮೇಲೆಯೇ ತಿಳಿಸುತ್ತೇನೆ, ಈ ಸಲ ಬಾಯಿಮಾತು ಇಲ್ಲ.

ನಿನ್ನೆ ಹಬೆಯಂಥ ಮಂಜು. ಹಡಗು ಕೂಗುತ್ತಾ ಕೂಗುತ್ತಾ ಹೋಯಿತು, ಹತ್ತಿರದಲ್ಲಿ ಯಾರಾದರೂ ಇದ್ದರೆ ತಿಳಿಯಲಿ ಎಂದು. ನಾನು ರೇಲಿಂಗ್ ಹಿಡಿದು ನಿಂತು ನಿನ್ನನ್ನು ನೆನೆಸಿಕೊಂಡೆ.

ಅಣ್ಣ

*

ಹಾಸ್ಟೆಲ್
ನವೆಂಬರ್ 18

ಅಣ್ಣಾ,

ಕೋಪ ಹೆಚ್ಚೂಕಡಿಮೆ ಇಳಿದಿದೆ. ತಳದಲ್ಲಿ ಸ್ವಲ್ಪ ಉಳಿದಿರಬಹುದು.

ಎರಡು ತಿಂಗಳು ನೀರಿನಲ್ಲಿ ಸುಮ್ಮನೆ ತೇಲಿದೆ. ಆಮೇಲೆ ಕೊಳದ ಅಂಚಿನಿಂದ ಕಾಲು ಮುಂದಾಗಿ ಹಾರಿದೆ, ಚಿಕ್ಕ ಮಕ್ಕಳ ಜೊತೆ, ಮೂಗು ಹಿಡಿದುಕೊಂಡು. ಒಬ್ಬಳು ಪುಟಾಣಿ, "ಅಕ್ಕಾ, ನಿಂಗೆ ಬರಲ್ವಾ? ನಾನು ಹೇಳ್ಕೊಡ್ಲಾ?" ಎಂದು ಕೇಳಿದಳು. ಹೇಳಿಕೊಡು ಎಂದೆ. ಅವಳು ಹೇಳಿಕೊಟ್ಟಳು.

ಮೊನ್ನೆ ಕೆಳಗಿನ ಹಲಗೆಗೆ ಹೋದೆ. ತುದಿಯಲ್ಲಿ ನಿಂತೆ. ಡಾಕ್ಟರು ಹೇಳಿದ ಹಾಗೆ, ಬಾಯಿಬಿಟ್ಟು ಹೇಳಿದೆ: "ಮೇಡಂ, ಭಯ ಆಗ್ತಿದೆ." "ಇಳಿದು ಬಾ," ಅಂದರು, ಗಾಳಿ ಚೆನ್ನಾಗಿದೆ ಎನ್ನುವಷ್ಟು ಸಲೀಸಾಗಿ. ಹಿಂದೆ ಸಾಲಿನಲ್ಲಿ ನಿಂತವರನ್ನು ದಾಟಿ ಏಣಿಯಿಂದ ಇಳಿದೆ. ಯಾರೂ ಏನೂ ಅನ್ನಲಿಲ್ಲ. ಉದ್ದಕ್ಕ ಟವೆಲ್ ಎಸೆದಳು, ಅದು ನೀರಿಗೆ ಬಿತ್ತು.

ಇವತ್ತು ಮತ್ತೆ ಹೋದೆ. ಪಲ್ಟಿ ಇಲ್ಲ, ತಿರುಚುವುದಿಲ್ಲ, ಮುಂದಕ್ಕೆ ಬಾಗಿ ಸುಮ್ಮನೆ ಒಮ್ಮೆ ಹಾರಿದೆ. ಮೇಲೆ ಹೋದಾಗ ಸದ್ದು ನಿಲ್ಲಲಿಲ್ಲ. ಉದ್ದಕ್ಕ ಹಾಡುತ್ತಿದ್ದದ್ದು, ಯಾರೋ ಕೆಮ್ಮಿದ್ದು ಎಲ್ಲ ಕೇಳಿಸುತ್ತಲೇ ಇತ್ತು. ನೀರು ಕೆಳಗಿತ್ತು. ನಾನು ಅದನ್ನು ನೋಡುತ್ತಾ ಅದರ ಕಡೆ ಹೋದೆ. ಎಂಥ ಸಾಧಾರಣ ಡೈವ್ ಅಣ್ಣಾ, ಕಾಲು ಕೂಡ ಜೋಡಿಸಿರಲಿಲ್ಲ! ಮೇಲೆ ಬಂದು ನಗುತ್ತಾ ನೀರು ಕುಡಿದೆ.

ಮುಂದಿನ ವರ್ಷ ಆಯ್ಕೆಗೆ ಹೋಗುತ್ತೀಯಾ ಎಂದು ಮೇಡಂ ಕೇಳಿದರು. ಗೊತ್ತಿಲ್ಲ ಎಂದೆ. "ಸರಿ, ಮಧ್ಯಾಹ್ನ ಊಟ ಮಾಡು," ಅಂದರು. ನಿಜವಾಗಿಯೂ ಗೊತ್ತಿಲ್ಲ. ಕೆಲವು ದಿನ ಹಲಗೆ ನೋಡಲೂ ಮನಸ್ಸಾಗುವುದಿಲ್ಲ. ಆ ದಿನಗಳಲ್ಲಿ ಡಾಕ್ಟರ ಹಸಿರು ಕೋಣೆಗೋ ಸೈಕಲ್ ಅಂಗಡಿಗೋ ಹೋಗುತ್ತೇನೆ. ಟ್ಯೂಬಿಗೆ ತೇಪೆ ಹಾಕುವುದು ನನಗೀಗ ಬರುತ್ತದೆ.

ನೀನು ಬಂದಾಗ ಮುಂದಿನ ಗೇಟಿನಲ್ಲಿ ಬರಬೇಡ, ಅಲ್ಲಿ ಕಾವಲುಗಾರರು ನೂರು ಪ್ರಶ್ನೆ ಕೇಳುತ್ತಾರೆ. ಪಕ್ಕದ ಓಣಿಯಲ್ಲಿ ಕೊಳದ ಬಾಗಿಲಿದೆ. ಒಳಗೆ ಬಂದರೆ ಮೊದಲು ಹಬೆ ಕಾಣುತ್ತದೆ, ಸ್ವಲ್ಪ ನಿಲ್ಲು, ಕಣ್ಣು ಹೊಂದಿಕೊಳ್ಳುತ್ತದೆ. ಮೇಲೆ ಹಲಗೆಯ ಕಡೆ ಮಾತ್ರ ನೋಡಿ, ನಾನಿಲ್ಲ ಎಂದು ತಿರುಗಿ ಹೋಗಬೇಡ. ಆ ದಿನ ನಾನು ಹಾರುತ್ತಿರಬಹುದು, ಬೆಂಚಿನ ಮೇಲೆ ಸುಮ್ಮನೆ ಕೂತಿರಲೂಬಹುದು. ಬೆಂಚಿನ ಮೇಲಿದ್ದರೂ ಶಿಳ್ಳೆ ಹಾಕು.

ಕಪ್ಪೆಮರಿ